ಒಂದು ಸೌಟು ಅಂಟವಾಳ

ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೆಗೆಣ್ಣಿ ನೀಲವ್ವನ ಓಣಿಗೆ ತಿರುಗುತ್ತಿದ್ದಂತೆಯೇ ಆ ವಾಸನೆ ಮೂಗಿಗೆ ಬಡಿಯಿತು. ಹುಳಿ ಬಂದ ಬೆಲ್ಲದ ಹಾಗೆ, ಅದರ ಹಿಂದೆಯೇ ಒದ್ದೆ ಕಟ್ಟಿಗೆಯ ಘಾಟು. ಯಾರದೋ ಹಿತ್ತಲಲ್ಲಿ ಅಂಟವಾಳದ ಕಾಯಿ ಕುದಿಯುತ್ತಿತ್ತು. ಯಾರದೋ ಅಂತ ಯಾಕೆ ಹೇಳಲಿ, ಅವಳದೇ ಇರಬೇಕು ಎಂದು ನನಗೆ ಅಲ್ಲೇ ಗೊತ್ತಾಯಿತು. ನಾನು ಬಂದದ್ದು ಮೊಮ್ಮಗಳ ಸೀಮಂತಕ್ಕೆ ಸೀರೆ ಕೊಳ್ಳಲು. ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ ಇತ್ತು, ಮನಸ್ಸೂ ಅಲ್ಲಿಯವರೆಗೆ ನೆಟ್ಟಗೇ ಇತ್ತು. ಆ ವಾಸನೆ ಬಂದದ್ದೇ ತಡ, ಹೊಟ್ಟೆಯೊಳಗಿನ ಹಳೆಯ ಕಿಚ್ಚು ಹೊತ್ತಿಕೊಂಡಿತು. ಎಪ್ಪತ್ತು ದಾಟಿದ ಹೆಂಗಸಿಗೆ ನೆಗೆಣ್ಣಿಯ ಮೇಲೆ ಹೊಟ್ಟೆಕಿಚ್ಚು ಅಂದರೆ ಕೇಳಿದವರು ನಗುತ್ತಾರೆ. ನಗಲಿ. ಬೇವೂರಿನಲ್ಲಿ ನಾನು ಕಳೆದ ಆ ಒಂದು ವರ್ಷವನ್ನು ಅವರು ಕಳೆದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೇವೂರಿನ ನಮ್ಮ ಮನೆಯ ಉಳ್ಳಾಗಡ್ಡಿ ಬೀಜಕ್ಕೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ನಮ್ಮ ಅತ್ತೆ ಗೌರವ್ವ ಮದುವೆಯಾಗಿ ಬರುವಾಗ ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದ ಬೀಜ ಅದು. ಗಡ್ಡೆ ಗುಂಡಗೆ, ಬಣ್ಣ ಕಡುಗೆಂಪು, ಹರವಿಟ್ಟರೆ ಬೇಸಿಗೆಯವರೆಗೂ ಕೊಳೆಯುತ್ತಿರಲಿಲ್ಲ. ಬೀಜ ಮಾಡುವುದು ಸುಲಭದ ಕೆಲಸವಲ್ಲ. ದೀಪಾವಳಿಯ ಹೊತ್ತಿಗೆ ಕಿತ್ತ ಗಡ್ಡೆಗಳ ರಾಶಿಯಲ್ಲಿ ಒಳ್ಳೆಯವನ್ನು ಆರಿಸಿ ಮತ್ತೆ ನೆಲಕ್ಕೆ ಊರಬೇಕು. ಸಂಕ್ರಾಂತಿಯ ಸುಮಾರಿಗೆ ಅವುಗಳ ನಡುವಿನಿಂದ ಎದೆಮಟ್ಟದ ಹಸಿರು ಕೋಲು ಏಳುತ್ತದೆ, ಅದರ ತುದಿಗೆ ಬಿಳಿ ಹೂವಿನ ಚೆಂಡು. ಯುಗಾದಿಗೆ ಮುಂಚೆ ಆ ಚೆಂಡನ್ನು ಒಣಗಿಸಿ ತಿಕ್ಕಿದರೆ ಕರಿಬೀಜ ಉದುರುತ್ತದೆ. ಅದನ್ನು ಬೂದಿಯ ಜೊತೆ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ನೆಲುವಿನಲ್ಲಿ ತೂಗುಹಾಕುತ್ತಿದ್ದೆವು.

ಗಡ್ಡೆ ಆರಿಸುವುದು ಗಂಡಸರ ಕೆಲಸವಲ್ಲ. ಮನೆಯ ಒಬ್ಬ ಹೆಂಗಸಿಗೆ ಆ ಕೆಲಸ ಬರುತ್ತಿತ್ತು, ಆರಿಸಿದವಳ ಕೋಣೆಯಲ್ಲಿಯೇ ಬೀಜದ ಗಡಿಗೆ ತೂಗುತ್ತಿತ್ತು. ನಾನು ಆ ಮನೆಗೆ ಬಂದ ಮರುವರ್ಷವೇ ಅತ್ತೆ ಕಂಬಳಿ ಹಾಸಿ, "ಪಾರವ್ವ, ಈ ಸಲ ನೀ ಆರಸು" ಅಂದಿದ್ದರು. ಬಾದಾಮಿಯಲ್ಲಿ ಹತ್ತನೆಯವರೆಗೆ ಓದಿ ಬಂದ ನನಗೆ ಆವರೆಗೆ ಆ ಮನೆಯಲ್ಲಿ ಸಿಕ್ಕಿದ ಮರ್ಯಾದೆ ಅದೊಂದೇ. ಗಡಿಗೆ ನನ್ನ ಹಾಸಿಗೆಯ ಮೇಲೇ ತೂಗುತ್ತಿತ್ತು. ತುಳಸಿಗೇರಿಯಿಂದ ಬೀಜ ಕೇಳಿಕೊಂಡು ಬಂದವರು ಕಟ್ಟೆಯ ಮೇಲೆ ಕೂತು, "ಬೀಜದ ಪಾರವ್ವ ಎಲ್ಲದಾರ್ರಿ?" ಎಂದು ಕೇಳುತ್ತಿದ್ದರು. ಯಾವ ಒಡವೆ ಹಾಕಿಕೊಂಡರೂ ಆಗದಷ್ಟು ಸುಖ ನನಗೆ ಆ ಒಂದು ಮಾತಿಗೆ ಆಗುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಮೈದುನ ಬಸವರಾಜನ ಮದುವೆಯಾಯಿತು, ನೀಲವ್ವ ಬಂದಳು. ಅವಳ ಅಪ್ಪ ಇಳಕಲ್ಲಿನ ಸೀರೆ ವ್ಯಾಪಾರಿ. ಮನೆಯ ಹಿತ್ತಲಲ್ಲಿಯೇ ರೇಷ್ಮೆ ತೊಳೆಸಿ ಬಣ್ಣ ಹಾಕಿಸುವವರು. ಹುಡುಗಿ ಒಂದು ಟ್ರಂಕು ತುಂಬ ಸೀರೆ ತಂದಳು, ಅದಕ್ಕಿಂತ ಹೆಚ್ಚಾಗಿ ಬಾಯಿ ತಂದಳು. ರೊಟ್ಟಿ ತಟ್ಟಲು ಕೂತರೆ "ನಮ್ಮ ಇಳಕಲ್ಲಾಗ ಹಿಂಗ ತಟ್ಟೂದಿಲ್ರಿ ಅಕ್ಕಾರ," ಬಟ್ಟೆ ಒಗೆಯಲು ಹೋದರೆ "ನಮ್ಮ ಇಳಕಲ್ಲಾಗ ಹಿಂಗ ಹಿಂಡೂದಿಲ್ರಿ ಅಕ್ಕಾರ." ಒಮ್ಮೆ ನಾನೂ ತಾಳಲಾರದೆ ನಮ್ಮ ಬಾದಾಮಿಯ ಗುಡ್ಡ, ಗುಹೆ, ಹೊಂಡದ ಸುದ್ದಿ ತೆಗೆದೆ.

"ಹೌದ್ರಿ, ನಾ ಸಣ್ಣಾಕಿ ಇದ್ದಾಗ ಬಂದಿದ್ದೆ," ಅಂದಳು. "ಒಂದು ಮಂಗ್ಯಾ ನನ್ನ ಕೈಯಾಗಿನ ಬಾಳಿಹಣ್ಣು ಕಸಗೊಂಡು, ಸುಲದು, ಸಿಪ್ಪಿ ನನಗ ಕೊಟ್ಟು ಹೋತು. ಭಾಳ ಮರ್ಯಾದಿಯ ಊರು ಬಿಡ್ರಿ ನಿಮ್ಮದು."

ನಮ್ಮ ಅತ್ತೆ ನಗುವ ಹೆಂಗಸಲ್ಲ. ನಾನು ಇಷ್ಟು ವರ್ಷ ಮೈ ಮುರಿದು ದುಡಿದರೂ ಬಿಚ್ಚದ ಬಾಯಿ ಆ ಮಂಗನ ಮಾತಿಗೆ ಬಿಚ್ಚಿಕೊಂಡಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡರು. ನಾನು ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ತಟ್ಟಿದೆ.

ಆ ದೀಪಾವಳಿಗೆ ಗಡ್ಡೆ ಆರಿಸುವಾಗ ಅವಳೂ ಬಂದು ಪಕ್ಕದಲ್ಲಿ ಕೂತಳು. ನಾನು ಬದಿಗೆ ಒಗೆದ ಒಂದು ದಪ್ಪ ಗಡ್ಡೆಯನ್ನು ಎತ್ತಿಕೊಂಡು, "ಇದ್ಯಾಕ ಒಗದ್ರಿ? ಎಷ್ಟು ಚೆಂದ ಐತಿ!" ಅಂದಳು.

"ಚೆಂದ ತಗೊಂಡು ಏನ್ ಮಾಡ್ತಿ? ಕುತಗಿ ದಪ್ಪ ಐತಿ ನೋಡು. ಇಂಥಾದ್ರ ಹೊಟ್ಟ್ಯಾಗ ಎರಡೆರಡು ಗಡ್ಡಿ ಇರ್ತಾವ. ಅದರ ಬೀಜದ ಗಡ್ಡಿನೂ ಹಂಗ ಒಡದು ಬರ್ತಾವ. ಕುತಗಿ ಸಣ್ಣ ಇರಬೇಕು, ಹಿಚುಕಿದ್ರ ಕಲ್ಲಿನಂಗ ಇರಬೇಕು."

ಅವಳು ಎರಡು ಗಡ್ಡೆ ಹಿಚುಕಿ ನೋಡಿ, ಆಕಳಿಸಿ, ಎದ್ದು ಹೋದಳು. ಅವಳಿಗೆ ಇದರಲ್ಲಿ ರುಚಿಯಿಲ್ಲ ಎಂದು ನನಗೆ ಸಮಾಧಾನವಾಯಿತು. ಮನೆಯಲ್ಲಿ ಏನೆಲ್ಲ ಅವಳ ಪಾಲಾದರೂ ಇದು ನನ್ನದೇ ಎಂದುಕೊಂಡೆ.

ಆ ವರ್ಷ ಸಂಕ್ರಾಂತಿಗೆ ಬಿಸಿಲೇ ಬರಲಿಲ್ಲ. ನಮ್ಮ ಕಡೆ ಆ ಕಾಲಕ್ಕೆ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಆ ಸಲ ಮಾತ್ರ ಬೆಳಗಾದರೆ ಮಂಜು, ಮಧ್ಯಾಹ್ನ ಮೋಡ, ಸಂಜೆಗೆ ಹನಿ. ಕೋಲುಗಳು ಎದ್ದು ಹೂವಿನ ಚೆಂಡು ಬಿಚ್ಚಿಕೊಳ್ಳುವ ಹೊತ್ತಿಗೆ ನಮ್ಮ ಮನೆಯವರು ಒಂದು ಕೋಲು ಮುರಿದು ತಂದು ಅತ್ತೆಯ ಮುಂದೆ ಇಟ್ಟರು. ಅದರ ನಡುವೆ ಒಂದು ಮಚ್ಚೆ. ಅಂಚು ಬಿಳಿ, ಒಳಗೆ ಬದನೆಕಾಯಿಯ ಬಣ್ಣ. ಮಚ್ಚೆ ಇದ್ದಲ್ಲಿ ಕೋಲು ಮೆತ್ತಗಾಗಿ, ಹೂವಿನ ಭಾರಕ್ಕೆ ಮಡಚಿಕೊಂಡು ಬಿದ್ದಿತ್ತು.

"ಎಷ್ಟು ಬಿದ್ದಾವ?" ಅತ್ತೆ ಕೇಳಿದರು.

"ಇವತ್ತು ಬಾವಿ ಕಡೀದು ಒಂದು ಸಾಲು. ಹಿಂಗ ಬಿಟ್ರ ಬೀಜ ಉಳಿಯೂದಿಲ್ಲ ಬೇ."

ಅತ್ತೆ ಎದ್ದು ನನ್ನ ಕೋಣೆಯ ನೆಲುವು ಇಳಿಸಿ ನೋಡಿದರು. ಹಳೆಯ ಗಡಿಗೆಯಲ್ಲಿ ಹಿಂದಿನ ವರ್ಷದ ಬೀಜ ಮುಷ್ಟಿಯಷ್ಟೂ ಉಳಿದಿರಲಿಲ್ಲ. ಉಳಿದಿದ್ದರೂ ಉಳ್ಳಾಗಡ್ಡಿ ಬೀಜಕ್ಕೆ ವರ್ಷ ಕಳೆದರೆ ಜೀವ ಇರುವುದಿಲ್ಲ. ಆ ಹೊಲದಲ್ಲಿ ಇದ್ದದ್ದು ಹೋದರೆ ಅವರು ತವರಿನಿಂದ ತಂದದ್ದು ಅಲ್ಲಿಗೆ ಮುಗಿಯಿತು. ನನ್ನ ಹೆಸರೂ ಅಲ್ಲಿಗೆ ಮುಗಿಯಿತು, ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಅಣ್ಣತಮ್ಮಂದಿರು ಬಾಗಲಕೋಟೆಗೆ ಹೋಗಿ ಹಳದಿ ಪುಡಿಯ ಔಷಧ ತಂದರು. ಮನೆಯಲ್ಲಿ ಬೆನ್ನಿಗೆ ಹಾಕುವ ಹಿತ್ತಾಳೆಯ ಪಂಪು ಇತ್ತು. ಔಷಧ ಕಲಸಿ ಹೊಡೆದರು. ಹೊಡೆದರೆ ಏನು ಬಂತು? ಉಳ್ಳಾಗಡ್ಡಿಯ ಎಲೆಗೂ ಕೋಲಿಗೂ ಮೇಣದಂಥ ಒಂದು ಪೊರೆ ಇರುತ್ತದೆ. ಎಣ್ಣೆ ಹಚ್ಚಿದ ತಲೆಯ ಮೇಲೆ ನೀರು ಸುರಿದ ಹಾಗೆ, ಔಷಧದ ನೀರು ಮುತ್ತುಮುತ್ತಾಗಿ ನಿಂತು, ಜಾರಿ, ನೆಲಕ್ಕೆ ಬೀಳುತ್ತಿತ್ತು. ಸಾಲಿನ ಬುಡದ ಮಣ್ಣೆಲ್ಲ ಹಳದಿ, ಕೋಲು ಮಾತ್ರ ಹಸಿರು. ಮಚ್ಚೆ ತನ್ನ ಪಾಡಿಗೆ ತಾನು ಏರುತ್ತಿತ್ತು.

ಆಗ ನನಗೆ ಒಂದು ಮಾತು ನೆನಪಿಗೆ ಬಂತು. ರೇಡಿಯೋದ ರೈತರ ಕಾರ್ಯಕ್ರಮದಲ್ಲಿ, ಇಂಥ ನುಣುಪು ಎಲೆಯ ಮೇಲೆ ಔಷಧ ಕೂರಬೇಕಾದರೆ ಅದರಲ್ಲಿ ಸ್ವಲ್ಪ ಸಾಬೂನು ಕಲಸಬೇಕು ಎಂದು ಹೇಳಿದ್ದನ್ನು ನಾನು ಕೇಳಿದ್ದೆ. ಊಟಕ್ಕೆ ಕೂತ ಎಲ್ಲರೆದುರು, ನೀಲವ್ವನಿಗೆ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮರುದಿನ ಬಟ್ಟೆ ಸಾಬೂನು ತುರಿದು ಹೊಲಕ್ಕೆ ನಾನೇ ಒಯ್ದೆ. ಬಾವಿಯ ನೀರಿಗೆ ಹಾಕಿ ಕಲಸಿದೆವು. ನೊರೆ ಬರಬೇಕಾದಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಗಂಟು ತೇಲಿದವು. ಹಳದಿ ಪುಡಿ ಆ ಗಂಟಿಗೆ ಮೆತ್ತಿಕೊಂಡು ಪಂಪಿನ ಬಾಯಿ ಕಟ್ಟಿತು. ನಮ್ಮ ಮನೆಯವರು ಊದಿ ಊದಿ ತುಟಿಯೆಲ್ಲ ಹಳದಿ ಮಾಡಿಕೊಂಡರು.

ಬುತ್ತಿ ತಂದ ನೀಲವ್ವ ಬದುವಿನ ಮೇಲೆ ನಿಂತು ನೋಡಿದಳು.

"ಅಕ್ಕಾರ, ಸವಳ ನೀರಿಗಿ ಸಬಕಾರ ಹಾಕ್ತಾರೇನ್ರಿ? ನಮ್ಮ ಇಳಕಲ್ಲಾಗ..."

"ಗೊತ್ತವ್ವ, ನಿಮ್ಮ ಇಳಕಲ್ಲಾಗ ಸಬಕಾರಕ್ಕೂ ರೆಕ್ಕಿ ಇರ್ತಾವ," ಅಂದೆ.

"ಅಲ್ರಿ, ಖರೆ ಹೇಳ್ತೇನಿ. ನಮ್ಮ ಬಾವಿ ನೀರೂ ಹಿಂಗ ಸವಳು. ಸಬಕಾರ ಹಾಕಿದ್ರ ರೇಷ್ಮಿ ಎಲ್ಲಾ ಗಂಟು ಗಂಟು ಆಗ್ತೈತಿ. ಅದಕ್ಕ ನಮ್ಮಪ್ಪ ಅಂಟವಾಳ ಕುದಸ್ತಾನ. ಅದು ಎಂಥಾ ನೀರಾಗೂ ನೊರಿ ಬಿಡ್ತೈತಿ."

ಹೇಳಿದ್ದು ಸರಿ ಇತ್ತು. ಅದೇ ನನಗೆ ಸಂಕಟ. ಕುಡಿಯುವ ಸಿಹಿನೀರಿನ ಬಾವಿ ಊರ ಆಚೆ, ಅಲ್ಲಿಂದ ಪಂಪಿಗೆಲ್ಲ ನೀರು ಹೊರುವುದು ಆಗದ ಮಾತು. ಬಸವರಾಜ ಆವತ್ತೇ ಇಳಕಲ್ಲಿಗೆ ಹೋಗಿ ಒಂದು ಚೀಲ ಅಂಟವಾಳ ತಂದ. ನೀಲವ್ವ ಸೆರಗು ಕಟ್ಟಿ ನಿಂತಳು. ಕಾಯಿ ಒಡೆದು ಒಳಗಿನ ಕರಿ ಗುಂಡು ತೆಗೆದು, ಸಿಪ್ಪೆ ನೆನೆಹಾಕಿ, ಹಂಡೆಯಲ್ಲಿ ಕುದಿಸಿ, ಕಿವುಚಿ, ಹಳೆಯ ಧೋತರದಲ್ಲಿ ಸೋಸಿದಳು. ಮನೆಯೆಲ್ಲ ಅದೇ ವಾಸನೆ. ಅತ್ತೆ ಅವಳ ಬದಿಗೇ ಕೂತು ಒಲೆಗೆ ಕಟ್ಟಿಗೆ ನೂಕಿಕೊಟ್ಟರು. ನನ್ನ ಒಲೆಗೆ ಅವರು ಯಾವತ್ತೂ ಕಟ್ಟಿಗೆ ನೂಕಿದವರಲ್ಲ.

ಆ ಹೆಂಗಸು ಯಾವ ಕೆಲಸವನ್ನೂ ಮೆಲ್ಲಗೆ ಮಾಡಿದವಳಲ್ಲ. ತಂಬಿಗೆಗಟ್ಟಲೆ ಅಂಟವಾಳದ ನೀರನ್ನು ಪಂಪಿಗೆ ಸುರಿದಳು. ಬಸವರಾಜ ಪಂಪು ಹೊತ್ತು ಹತ್ತು ಹೆಜ್ಜೆ ನಡೆದಿರಲಿಲ್ಲ, ಮುಚ್ಚಳದಿಂದ ನೊರೆ ಉಕ್ಕಿ ಅವನ ಕುತ್ತಿಗೆ, ಕಿವಿ, ಬೆನ್ನೆಲ್ಲ ಇಳಿಯಿತು. ಹೆಂಡತಿ ತಲೆ ತೊಳೆದು ಅರ್ಧಕ್ಕೆ ಬಿಟ್ಟವನ ಹಾಗೆ ನಿಂತ. ಕೋಲಿನ ಮೇಲೆ ಬಿದ್ದ ನೀರು ಈಗ ಮುತ್ತಾಗಲಿಲ್ಲ, ನಿಜ. ಆದರೆ ಒಂದೇ ಸವನೆ ಕೂಡಿ, ಹರಿದು, ಬುಡಕ್ಕೆ ಸೋರಿಹೋಯಿತು. ಔಷಧ ಮೊದಲೂ ಮಣ್ಣಿಗೆ, ಈಗಲೂ ಮಣ್ಣಿಗೆ.

ಬದುವಿನ ಮೇಲೆ ಕೂತ ನನಗೆ ಎಂಥ ಸಂತೋಷವಾಯಿತು ಅಂದರೆ, ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. "ನಿಮ್ಮ ಇಳಕಲ್ಲಾಗ ಜಳಕಾನೂ ಹಿಂಗ ಮಾಡ್ತಾರೇನ ನೀಲವ್ವ?" ಅಂದೆ. ಅವಳ ಮುಖ ಸಣ್ಣದಾಯಿತು. ಅವಳ ಮುಖ ಸಣ್ಣದಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಮನೆಗೆ ಬರುವ ದಾರಿಯಲ್ಲಿ ಸಾಲಿನ ನಡುವೆ ಕಾಲಿಟ್ಟಾಗ, ನನ್ನ ಸೀರೆಯ ನಿರಿಗೆ ತಾಗಿ ಒಂದು ಕೋಲು ಮಡಚಿ ಬಿತ್ತು. ಎತ್ತಿ ನೋಡಿದೆ. ನಾನೇ ಆರಿಸಿದ ಗಡ್ಡೆಯಿಂದ ಎದ್ದ ಕೋಲು. ತುದಿಯ ಹೂವು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಸಂತೋಷವೆಲ್ಲ ಇಳಿದುಹೋಯಿತು. ಅವಳು ಸೋತಳು ಸರಿ, ಆದರೆ ಸಾಯುತ್ತಿರುವುದು ನನ್ನ ಬೀಜ.

ಮರುದಿನ ಎಲ್ಲರಿಗಿಂತ ಮೊದಲು ಹೊಲಕ್ಕೆ ಹೋದೆ. ಒಂದು ಕೊಡ ಬಾವಿಯ ನೀರು, ಔಷಧ, ಅವಳು ಕುದಿಸಿಟ್ಟ ಅಂಟವಾಳದ ನೀರು, ಅಡಿಗೆ ಮನೆಯ ಸೌಟು. ಬೇವಿನ ಟೊಂಗೆ ಅದ್ದಿ ಅದ್ದಿ ಕೋಲಿನ ಮೇಲೆ ಸಿಂಪಡಿಸುತ್ತ ಹೋದೆ. ಹೆಚ್ಚು ಹಾಕಿದರೆ ಸೋರುತ್ತಿತ್ತು, ಬರೀ ಹನಿಸಿದರೆ ಮುತ್ತಾಗುತ್ತಿತ್ತು. ಚೆಲ್ಲಿದೆ, ಮತ್ತೆ ಕಲಸಿದೆ, ಮತ್ತೆ ಚೆಲ್ಲಿದೆ. ಕೊನೆಗೆ ಒಂದು ಅಳತೆಗೆ, ನೀರು ಕೋಲಿನ ಮೇಲೆ ಬಿದ್ದು ತೆಳ್ಳಗೆ ಹರಡಿ, ಅಲ್ಲೇ ಕೂತಿತು. ಬೆರಳು ಆಡಿಸಿದೆ, ಒದ್ದೆ ಇತ್ತು. ಒಣಗಿದ ಮೇಲೆ ಬೆರಳು ಆಡಿಸಿದೆ, ಹಳದಿ ಹತ್ತಿತು. ಪಂಪಿನ ಲೆಕ್ಕಕ್ಕೆ ಒಂದು ಸೌಟು.

ನಮ್ಮ ಮನೆಯವರು ಬಂದಾಗ ಹೇಳಿದೆ, "ಒಂದ ಸೌಟು ಸಾಕ್ರಿ. ಹೆಚ್ಚು ಹಾಕಬ್ಯಾಡ್ರಿ."

ಅವರು ಕೋಲು ಮುಟ್ಟಿ ನೋಡಿ, ನನ್ನ ಮುಖ ನೋಡಿ, "ಶಾಣ್ಯಾಕಿ ಇದ್ದಿ ಬಿಡು," ಅಂದರು. ಅಷ್ಟೇ. ಆ ಮಾತು ಆ ಬದುವು ದಾಟಿ ಆಚೆ ಹೋಗಲಿಲ್ಲ.

ಮೋಡ ಇರುವಷ್ಟು ಕಾಲವೂ ವಾರಕ್ಕೊಮ್ಮೆ ಹೊಡೆದರು. ಮಚ್ಚೆ ಬಿದ್ದ ಕೋಲು ಉಳಿಯಲಿಲ್ಲ, ಹೊಸ ಕೋಲಿಗೆ ಮಚ್ಚೆ ಬೀಳಲಿಲ್ಲ. ಮಾಘದ ಬಿಸಿಲು ಬಂದಾಗ ಹೊಲದ ತುಂಬ ಬಿಳಿ ಚೆಂಡುಗಳು ತಲೆಯೆತ್ತಿ ನಿಂತಿದ್ದವು. ಸುತ್ತಲ ಹೊಲಗಳಲ್ಲಿ ಬೀಜಕ್ಕೆ ಬಿಟ್ಟವರದೆಲ್ಲ ಮಲಗಿತ್ತು. ಜನ ಬಂದು ನೋಡಿದರು. ಬಸವರಾಜ ಎದೆ ಉಬ್ಬಿಸಿಕೊಂಡು ಎಲ್ಲರಿಗೂ ಹೇಳಿದ, "ನಮ್ಮಾಕಿ ಇಳಕಲ್ಲಿನ ಅಂಟವಾಳದ ನೀರು ಕಲಿಸಿಕೊಟ್ಟಳ್ರಿ. ಅದರಿಂದ ಉಳೀತು." ಊರಲ್ಲಿ ಅದಕ್ಕೆ ಹೆಸರೇ ಬಿದ್ದುಹೋಯಿತು, ನೀಲವ್ವನ ನೀರು. ಯಾರ ಹೊಲದಲ್ಲಿ ಎಲೆಗೆ ಮಚ್ಚೆ ಕಂಡರೂ "ನೀಲವ್ವನ ನೀರು ಹಾಕಿ ಹೊಡೀರಿ" ಅನ್ನುವುದು.

ನಾನು ಒಬ್ಬಳೇ ಒಲೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದೆ. ಅಂಟವಾಳ ಯಾವ ರೋಗವನ್ನೂ ಕೊಲ್ಲುವುದಿಲ್ಲ. ಔಷಧವನ್ನು ಎಲೆಯ ಮೇಲೆ ಕೂರಿಸುತ್ತದೆ, ಅಷ್ಟೇ ಅದರ ಕೆಲಸ. ಕೊಂದದ್ದು ಹಳದಿ ಪುಡಿ, ಅಳತೆ ಹಿಡಿದದ್ದು ನಾನು, ಹೆಸರು ಬಂದದ್ದು ನೊರೆಗೆ. ಗಂಡನಿಗೆ ಒಮ್ಮೆ ಕೇಳಿಯೂ ಬಿಟ್ಟೆ, "ನೀವರ ಒಂದು ಮಾತು ಹೇಳಬಾರದಾ?" ಅವರು, "ಮನಿಯೊಳಗಿಂದು ಮನಿಯೊಳಗ ಇರಲಿ. ಯಾರು ಮಾಡಿದ್ರ ಏನು, ಬೀಜ ಉಳೀತಲ್ಲ" ಎಂದು ಮಗ್ಗುಲಾದರು. ಗಂಡಸರಿಗೆ ಬೀಜ ಉಳಿದರೆ ಸಾಕು.

ಮುಂಗಾರಿಗೆ ಬೀಜ ಕೇಳಿಕೊಂಡು ಜನ ಬಂದರು. ನಾನು ನನ್ನ ಹಾಸಿಗೆಯ ಮೇಲಿನ ನೆಲುವಿನಿಂದ ಗಡಿಗೆ ಇಳಿಸಿ ಹೊರಗೆ ತಂದೆ. ತುಳಸಿಗೇರಿಯಿಂದ ಪ್ರತಿ ವರ್ಷ ಬರುವ ಮುದುಕರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಆ ಇಳಕಲ್ಲ ಸೊಸಿ ಎಲ್ಲದಾಳವ್ವಾ? ಅಕೀ ಕೈಲೆ ಹಾಕಸು. ಕೈಗುಣ ಐತಂತ" ಅಂದರು. ನಾನು ಗಡಿಗೆ ಹಿಡಿದು ನಿಂತೆ, ನೀಲವ್ವ ಬಳೆ ಕುಲುಕಿಸುತ್ತ ಬಂದು ಬೊಗಸೆ ತುಂಬ ಬೀಜ ಹಾಕಿದಳು.  ಗಡಿಗೆಯನ್ನು ಆ ಮುದುಕರ ತಲೆಯ ಮೇಲೆ ಕುಕ್ಕಬೇಕು ಎನ್ನುವಷ್ಟು ಸಿಟ್ಟು ಬಂತು, ಆದರೆ ಒಳಗೆ ಬೀಜ ಇತ್ತು.

ಮತ್ತೆ ದೀಪಾವಳಿ ಬಂತು. ಪಡಸಾಲೆಯಲ್ಲಿ ಗಡ್ಡೆಯ ರಾಶಿ ಬಿದ್ದಿತ್ತು. ಅತ್ತೆ ಕಂಬಳಿ ಹಾಸಿದರು. ನಾನು ಕೈ ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು ಕೂರಲು ಬಂದೆ.

"ಈ ಸಲ ಸಣ್ಣಾಕಿ ಆರಸಲಿ," ಅಂದರು ಅತ್ತೆ.

ನಾನು ಬಗ್ಗಿದವಳು ಹಾಗೇ ಎದ್ದು ನಿಂತೆ. ನೀಲವ್ವ "ನಾನ್ರೀ?" ಅಂದಳು. ಅವಳ ಮುಖ ಅರಳಿತೆಂದೇ ನನಗೆ ಕಂಡಿತು. ಅತ್ತೆ ನನ್ನ ಕಡೆ ತಿರುಗಿ ನೋಡದೆ ಹೊರಗಿನ ಕಟ್ಟೆಗೆ ಹೋಗಿ ಕೂತರು. ನಾನು ಅಡಿಗೆ ಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಸದ್ದು ಮಾಡಿ ತೊಳೆದೆ. ಎಷ್ಟು ಹೊತ್ತು ಅಳುತ್ತಿದ್ದೆನೋ ಗೊತ್ತಿಲ್ಲ, ಪಾತ್ರೆ ತಿಕ್ಕಿದ ಬೂದಿಯ ಕೈಯಲ್ಲಿ ಒರೆಸಿಕೊಂಡದ್ದಕ್ಕೆ ಕಣ್ಣುಗಳು ಇನ್ನಷ್ಟು ಉರಿದವು.

ಬಾಗಿಲ ಸಂದಿಯಿಂದ ನೋಡಿದೆ. ಅವಳು ಆರಿಸುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ಜೀವ ಹೋಗಬೇಕು. ದಪ್ಪನೆಯವು, ಹೊಳೆಯುವವು, ಜೋಡಿ ಗಡ್ಡೆಗಳು, ಸೀರೆಯ ಅಂಗಡಿಯಲ್ಲಿ ಸೆರಗು ನೋಡಿ ಆರಿಸುವ ಹಾಗೆ ಆರಿಸುತ್ತಿದ್ದಳು. ಕುತ್ತಿಗೆ ಸಣ್ಣಗಿದ್ದ ಗಟ್ಟಿ ಗಡ್ಡೆಗಳೆಲ್ಲ ಬದಿಗೆ ಬೀಳುತ್ತಿದ್ದವು. ನನಗೆ ಒಳಗೊಳಗೇ ಒಂದು ಮನಸ್ಸು ಹೇಳಿತು, ಊರಲಿ, ಇವೇ ಊರಲಿ. ಬರುವ ವರ್ಷ ಗಡ್ಡೆಯೆಲ್ಲ ಒಡೆದು ಬಂದಾಗ ಊರವರು ನೋಡಲಿ ಇವಳ ಕೈಗುಣ. ಇನ್ನೊಂದು ಮನಸ್ಸು ಆ ಬದಿಗೆ ಬಿದ್ದ ಗಡ್ಡೆಗಳ ಮೇಲೇ ಇತ್ತು.

ಅಷ್ಟರಲ್ಲಿ ನೀಲವ್ವ ಎದ್ದಳು. "ಅಕ್ಕಾರ, ನೀರಿಗಿ ಹೋಗಿ ಬರ್ತೇನ್ರಿ," ಎಂದು ಕೊಡ ಎತ್ತಿಕೊಂಡು ಹೋದಳು.

ನಾನು ಯೋಚನೆ ಮಾಡಲಿಲ್ಲ. ಹೋಗಿ ಕಂಬಳಿಯ ಮೇಲೆ ಕೂತೆ. ಅವಳು ಆರಿಸಿದ್ದನ್ನೆಲ್ಲ ರಾಶಿಗೆ ತಳ್ಳಿ, ಮೊದಲಿನಿಂದ ಆರಿಸಿದೆ. ಕೈಗೆ ಸಿಕ್ಕಿದ್ದನ್ನು ಹಿಚುಕಿ, ಕುತ್ತಿಗೆ ನೋಡಿ, ಬುಡ ನೋಡಿ, ಇತ್ತ ಒಂದು ಅತ್ತ ಒಂದು. ಅವಳ ಮೇಲಿನ ಪ್ರೀತಿಯಿಂದ ಮಾಡಿದೆನೆಂದು ಯಾರೂ ತಿಳಿಯಬಾರದು. ಕೆಟ್ಟ ಬೀಜ ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ, ಅಷ್ಟೇ. ಮುಗಿಸಿ, ತುಂಬಿ ತುಳುಕುತ್ತಿದ್ದ ಹಂಡೆಯಲ್ಲಿ ಕೈ ತೊಳೆದುಕೊಂಡು ಅಡಿಗೆ ಮನೆ ಸೇರಿದೆ. ಸ್ವಲ್ಪ ಹೊತ್ತಿಗೆ ಅವಳು ಬಂದಳು. ಗುಡ್ಡೆಯನ್ನು ನೋಡಿದಳು, ಏನೂ ಅನ್ನಲಿಲ್ಲ. ಗಡ್ಡೆಗಳ ಗುರುತು ಹಿಡಿಯಲೂ ಬರದ ಹೆಂಗಸು ಎಂದುಕೊಂಡೆ.

ಊರುವ ದಿನ ಗಡ್ಡೆಗಳ ತಲೆ ಕೊಯ್ಯುತ್ತಾರೆ, ಒಳಗೆ ಒಂದೇ ಹೊಟ್ಟೆ ಇದೆಯೋ ಎರಡಿವೆಯೋ ಆಗ ಗೊತ್ತಾಗುತ್ತದೆ. ಕೊಯ್ದದ್ದೆಲ್ಲ ಒಂದೇ ಹೊಟ್ಟೆಯವು. ಆಳುಗಳು, "ಕೈಗುಣ ಅಂದ್ರ ಇದು ನೋಡ್ರಿ!" ಎಂದು ನೀಲವ್ವನನ್ನು ಹೊಗಳಿದರು. ಯುಗಾದಿಗೆ ಬೀಜದ ಗಡಿಗೆ ಅವಳ ಕೋಣೆಗೆ ಹೋಯಿತು. ನನ್ನ ಹಾಸಿಗೆಯ ಮೇಲೆ ಬರೀ ನೆಲುವಿನ ಹಗ್ಗ ತೂಗುತ್ತಿತ್ತು. ಎಂಬತ್ತರ ದಶಕದಲ್ಲಿ ಮನೆ ಬೇರೆಯಾಗುವವರೆಗೂ ಪ್ರತಿ ದೀಪಾವಳಿಗೆ ಹೀಗೇ ನಡೆಯಿತು. ಅವಳು ಆರಿಸುವುದು, ನೀರಿಗೆ ಹೋಗುವುದು, ನಾನು ಹೋಗಿ ಮತ್ತೆ ಆರಿಸುವುದು, ಅವಳಿಗೆ ಹೆಸರು. ಬೇರೆಯಾದ ಮೇಲೆ ಅವಳು ಗಂಡನನ್ನು ಕಟ್ಟಿಕೊಂಡು ಇಳಕಲ್ಲಿಗೆ ಬಂದಳು, ಪಂಪು-ಔಷಧದ ಅಂಗಡಿ ಇಟ್ಟರು. ಅತ್ತೆ ತೀರಿಕೊಂಡರು. ನಾವು ಹುನಗುಂದಕ್ಕೆ ಬಂದೆವು. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನ ಹತ್ತಿರ ಇದೆ ಎಂಬ ಒಂದೇ ಸಮಾಧಾನ ಇಟ್ಟುಕೊಂಡು ನಾನು ಇಷ್ಟು ವರ್ಷ ಅವಳ ಮಾತು ಸಹಿಸಿದೆ.

ಈಗ ಆ ವಾಸನೆಯ ಜಾಡು ಹಿಡಿದು ಅವಳ ಹಿತ್ತಲಿಗೆ ಹೋದರೆ ನೀಲವ್ವ ಮಣೆ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬಾಯಿ ಮೊದಲಿನ ಹಾಗೇ ಇತ್ತು. ರೇಷ್ಮೆ ಸೀರೆ ತೊಳೆಯುವುದನ್ನು ಹೊಸ ಸೊಸೆಗೆ ಕಲಿಸುತ್ತಿದ್ದಳು. ನನ್ನನ್ನು ಕೂರಿಸಿ, ಕರದಂಟಿಗೆ "ಗೋಡಂಬಿ ಕಮ್ಮಿ ಹಾಕ್ಯಾರ" ಎಂದು ಕೊಂಕು ತೆಗೆದು, ಸೊಸೆಗೆ ಹಳೆಯ ಪುರಾಣ ಶುರು ಮಾಡಿದಳು. "ಈ ಅಂಟವಾಳ ಅಂದ್ರ ಏನು ತಿಳದೀ? ಬೇವೂರಾಗ ನಮ್ಮತ್ತಿ ಬೀಜ ಉಳಿಸಿದ್ದ ಇದು. ಆಮ್ಯಾಲ ಗಡ್ಡಿ ಆರಸೂದು ಅತ್ತಿ ನನಗ ಕೊಟ್ರು, ನನ್ನ ಕೈಗುಣ ಅಂದ್ರ..."

ಇನ್ನು ತಡೆಯಲಾಗಲಿಲ್ಲ.

"ಕೈಗುಣ ನಿಂದಲ್ಲ," ಅಂದೆ. "ಒಂದು ವರ್ಷಾನೂ ನೀ ಆರಿಸಿದ ಗಡ್ಡಿ ನೆಲ ಕಂಡಿಲ್ಲ. ನೀ ನೀರಿಗಿ ಹೋದಾಗ ನಾ ಕೂತು ಎಲ್ಲಾ ಬದಲ ಮಾ‌ಡ್ತಿದ್ದೆ."

ಸೊಸೆ ಇಬ್ಬರ ಮುಖವನ್ನೂ ನೋಡಿದಳು. ನೀಲವ್ವ ಬೆಚ್ಚಿಬೀಳುತ್ತಾಳೆಂದು ನಾನು ಕಾದೆ. ಅವಳು ಕೋಲಿನಿಂದ ನೊರೆ ತಿರುವುತ್ತ ನಕ್ಕಳು.

"ಗೊತ್ತೈತ್ರಿ ಅಕ್ಕಾರ. ಹಂಡ್ಯಾಗ ನೀರು ತುಂಬಿ ಹೊರಗ ಚೆಲ್ಲತಿತ್ತು. ನಾ ಖಾಲಿ ಕೊಡ ಹಿಡ್ಕೊಂಡು ಎಲ್ಲಿಗಿ ಹೋಗ್ತಿದ್ದೆ ಅಂದ್ಕೊಂಡ್ರಿ? ಅತ್ತಿ ಬಾಜೂಕ ಕಟ್ಟಿ ಮ್ಯಾಲ ಕುಂದರ್ತಿದ್ದೆ, ನೀವು ಮುಗಸೂತನಕ. ನನಗ ಆರಸಾಕ ಬರ್ತಿರಲಿಲ್ಲ. ಅತ್ತಿ ನಿಮ್ಮ ಮುಂದ ನನ್ನ ಹೆಸರು ಹೇಳಿದ ಮ್ಯಾಲ ಒಲ್ಲೆ ಅಂತ ಹೆಂಗ ಅನ್ನೂದು? ನಿಮ್ಮನ್ನ ಬಂದು ಕೇಳೂದಂತೂ ನನ್ನ ಕಡಿಂದ ಆಗ್ತಿರಲಿಲ್ಲ."

"ಅತ್ತಿಗಿ ಗೊತ್ತಿತ್ತು?" ನಾನು ಕೇಳಿದೆ.

"ಅವರ ಅಂದ್ರು, ಸಣ್ಣಾಕಿಗಿ ಹೆಸರು ಬೇಕು, ದೊಡ್ಡಾಕಿಗಿ ಬೀಜ ಬೇಕು, ಇಬ್ಬರಿಗೂ ಸಿಗ್ತೈತಿ, ಸುಮ್ಮನ ಕುಂದರು ಅಂತ."

ಒಲೆಯಲ್ಲಿ ಕಟ್ಟಿಗೆ ಚಟಚಟ ಅನ್ನುತ್ತಿತ್ತು. ನಾನು ಬಚ್ಚಿಟ್ಟುಕೊಂಡಿದ್ದ ಆ ಒಂದು ಸಂಗತಿಯೂ ಅವಳ ಹತ್ತಿರವೇ ಇತ್ತು, ಅದೂ ನನಗಿಂತ ಮೊದಲಿನಿಂದ. ಆ ಬುದ್ಧಿಯೂ ಅವಳದೇ ಆಗಬೇಕಿತ್ತೇ! ನಾನು ಬೂದಿ ಹತ್ತಿದ ಉರಿಗಣ್ಣಿನಲ್ಲಿ ಕಳ್ಳಿಯ ಹಾಗೆ ಗಡ್ಡೆ ಆರಿಸುವಾಗ, ಅವರಿಬ್ಬರೂ ಹೊರಗೆ ಕಟ್ಟೆಯ ಮೇಲೆ ಗಾಳಿ ತೆಗೆದುಕೊಂಡು ಕೂತಿದ್ದರು.

"ನನಗೂ ಹೆಸರು ಬೇಕಾಗಿತ್ತು ನೀಲವ್ವ," ಅಂದೆ.

ಅವಳ ಕೈ ನಿಂತಿತು.  ಸೊಸೆ ಇದನ್ನು ಕಾಣದವಳ ಹಾಗೆ ಕುದಿದ ಅಂಟವಾಳದ ನೀರನ್ನು ತಂಬಿಗೆಯಲ್ಲಿ ಎತ್ತಿ ಬಕೆಟ್ಟಿಗೆ ಸುರಿಯಲು ಹೋದಳು. ನೀಲವ್ವ ಅವಳ ಕೈ ಹಿಡಿದಳು.

"ತಂಬಗಿ ಇಡು. ಸೌಟು ತಗೋ. ಒಂದ ಸೌಟು," ಅಂದಳು. ಆಮೇಲೆ ನನ್ನ ಕಡೆ ನೋಡದೆ, "ಈ ಅಳತಿ ಈ ಅಕ್ಕಾಂದು," ಅಂದಳು.

ಸೊಸೆ ತಲೆಯಾಡಿಸಿ ಸೌಟು ತರಲು ಒಳಗೆ ಹೋದಳು. ಕೇಳಿಸಿಕೊಂಡದ್ದು ಅವಳೊಬ್ಬಳೇ. ಬೇವೂರಿನ ಕಟ್ಟೆಯ ಮೇಲೆ, ಆ ತುಳಸಿಗೇರಿಯ ಮುದುಕರು ಕೂತಿದ್ದಾಗ ಹೇಳಬೇಕಾಗಿದ್ದ ಮಾತು ಅದು.